ಕ್ಲೆಮೆಂಟ್ ಬೀದಿಯ ದಿನಸಿ ಅಂಗಡಿ

ಗ್ರಂಥವನ್ನೂ ನಾಟಕವನ್ನೂ ಸಂಗೀತವನ್ನೂ ವಿಮರ್ಶಿಸುವಷ್ಟು ಶ್ರದ್ಧೆಯಿಂದ ಒಂದು ದಿನಸಿ ಅಂಗಡಿಯನ್ನು ವಿಮರ್ಶಿಸುವ ಪದ್ಧತಿ ನಮ್ಮಲ್ಲಿ ಬೆಳೆದುಬಂದಿಲ್ಲ. ಆದರೆ ಒಂದು ಜನಸಮುದಾಯವು ಏನನ್ನು ಉಣ್ಣುತ್ತದೆ, ಯಾವುದನ್ನು ಉತ್ತಮವೆಂದು ಆರಿಸಿಕೊಳ್ಳುತ್ತದೆ, ಯಾವುದನ್ನು ಕೈಯಲ್ಲಿ ಹಿಡಿದು ನೋಡಿ ಮರಳಿ ಬುಟ್ಟಿಗೆ ಹಾಕುತ್ತದೆ ಎಂಬ ತೀರ್ಮಾನಗಳು ದಿನದಿನವೂ ನಡೆಯತಕ್ಕ ಸ್ಥಳವು ಅಂಗಡಿಯೇ ಆಗಿರುವುದರಿಂದ, ಅದರ ಗುಣದೋಷಗಳನ್ನು ಪರಿಶೀಲಿಸುವುದು ವ್ಯರ್ಥವಾದ ಕೆಲಸವೆಂದು ನನಗೆ ತೋರುವುದಿಲ್ಲ. ಪರದೇಶದಲ್ಲಿ ನೆಲೆಸಿದ ಜನರ ವಿಷಯದಲ್ಲಂತೂ ಈ ಮಾತು ಇನ್ನಷ್ಟು ಸತ್ಯ. ಅವರ ಭಾಷೆ ಮಕ್ಕಳ ಕಾಲಕ್ಕೆ ಸವೆದು ಹೋದರೂ, ಉಡುಪು ಅದಕ್ಕೂ ಮೊದಲೇ ಬದಲಾದರೂ, ನಾಲಗೆಯ ವಿವೇಕವು ಮೂರು ನಾಲ್ಕು ತಲೆಮಾರುಗಳವರೆಗೆ ಉಳಿದುಬರುತ್ತದೆ, ಮತ್ತು ಆ ವಿವೇಕಕ್ಕೆ ಆಶ್ರಯ ಕೊಟ್ಟು ಕಾಪಾಡುವುದು ಬಹುಮಟ್ಟಿಗೆ ನೆರೆಕೇರಿಯ ಒಂದು ಸಣ್ಣ ಅಂಗಡಿ.

ನಾನು ಇಲ್ಲಿ ವಿಚಾರಕ್ಕೆ ತೆಗೆದುಕೊಂಡಿರುವುದು ಸ್ಯಾನ್‌ಫ್ರಾನ್ಸಿಸ್ಕೊ ನಗರದ ಕ್ಲೆಮೆಂಟ್ ಬೀದಿಯ ಅಂಗಡಿಸಾಲನ್ನು. ಪೆಸಿಫಿಕ್ ಸಾಗರದ ಮಂಜು ಬೇಸಗೆಯ ಮಧ್ಯಾಹ್ನಗಳಲ್ಲಿಯೂ ತೇಲಿಬಂದು ಕವಿಯುವ ರಿಚ್ಮಂಡ್ ಬಡಾವಣೆಯೊಳಗೆ ಈ ಬೀದಿಯುಂಟು. ಹಿಂದೆ ಇಲ್ಲಿ ರಷ್ಯನ್ನರೂ ಯಹೂದಿಗಳೂ ಐರ್ಲೆಂಡಿನವರೂ ಹೆಚ್ಚಾಗಿ ವಾಸಿಸುತ್ತಿದ್ದರು; ಚೀನೀಯರು ಬಂದದ್ದು ತರುವಾಯ. ಚೀನೀಯರ ವಲಸೆಯನ್ನು ತಡೆದಿದ್ದ 1882ರ ಕಾನೂನು 1943ರಲ್ಲಿ ರದ್ದಾಯಿತು. ಜನಾಂಗವನ್ನು ನೋಡಿ ಮನೆ ಮಾರದಿರುವಂತೆ ಮಾಡಿಕೊಂಡಿದ್ದ ಕರಾರುಗಳನ್ನು ನ್ಯಾಯಾಲಯಗಳು ಜಾರಿಗೊಳಿಸಕೂಡದೆಂದು ಅಮೆರಿಕದ ಸುಪ್ರೀಂ ಕೋರ್ಟು 1948ರಲ್ಲಿ ತೀರ್ಪಿತ್ತಿತು. 1965ರ ವಲಸೆ ಕಾನೂನು ಏಷ್ಯಾದವರಿಗೆ ಬಾಗಿಲು ತೆರೆಯಿತು. ಇಷ್ಟು ಆದಮೇಲೆ, ಹಳೆಯ ಚೈನಾಟೌನಿನ ಇಕ್ಕಟ್ಟಾದ ಕೋಣೆಗಳಿಂದ ಹೊರಬಂದ ಸಂಸಾರಗಳು ಪಶ್ಚಿಮದ ಈ ಬಡಾವಣೆಯಲ್ಲಿ ಮನೆ ಮಾಡಿದವು, ಮನೆಗಳ ಬೆನ್ನಿಗೆ ಅಂಗಡಿಗಳು ಬಂದವು. ಆದಕಾರಣ ಇದು ಯಾತ್ರಿಕರಿಗಾಗಿ ಸಿಂಗರಿಸಿದ ಪೇಟೆಯಲ್ಲ. ಸಂಜೆಗೆ ಏನು ಬೇಯಿಸಬೇಕೆಂದು ಯೋಚಿಸುತ್ತ ಬರುವವರ ಪೇಟೆ. ಈ ಒಂದು ಭೇದದಿಂದಲೇ ಅದರ ಮುಕ್ಕಾಲು ಪಾಲು ಗುಣಗಳು ಹುಟ್ಟಿವೆಯೆಂಬುದು ನನ್ನ ಅಭಿಪ್ರಾಯ.

ತರಕಾರಿಯಿಂದ ಪ್ರಾರಂಭಿಸೋಣ. ಅಂಗಡಿಯ ಮುಂಗಡೆ ಕಾಲುದಾರಿಯ ಮೇಲೆ ಒರಗಿಸಿಟ್ಟ ರಟ್ಟಿನ ಪೆಟ್ಟಿಗೆಗಳಲ್ಲಿ ಬೊಕ್‌ಚಾಯ್, ಚಾಯ್‌ಸಮ್, ಗೈಲಾನ್, ಬಟಾಣಿ ಬಳ್ಳಿಯ ಕುಡಿ, ತಾವರೆಯ ದಂಟು, ಎಳೆಶುಂಠಿ ಇವೆಲ್ಲ ರಾಶಿ ಬಿದ್ದಿರುತ್ತವೆ, ಮತ್ತು ಬೆಳಗ್ಗೆ ಲಾರಿಯಿಂದ ಸರಕು ಇಳಿಯುವ ಹೊತ್ತಿಗೆ ಕೈಬಂಡಿಯನ್ನು ಎಳೆದುಕೊಂಡು ಬರುವ ವೃದ್ಧಸ್ತ್ರೀಯರು ಆ ರಾಶಿಯನ್ನು ಪರೀಕ್ಷಿಸುವ ಕ್ರಮವು ನೋಡತಕ್ಕದ್ದಾಗಿದೆ. ಗೈಲಾನ್ ಎಂಬ ಸೊಪ್ಪಿನ ಕಟ್ಟನ್ನು ಒಬ್ಬಾಕೆ ತಲೆಕೆಳಗು ಮಾಡಿ ಹಿಡಿಯುತ್ತಾಳೆ. ಆಕೆಯ ದೃಷ್ಟಿ ಎಲೆಯ ಮೇಲಿಲ್ಲ, ದಂಟನ್ನು ಕೊಯ್ದ ತುದಿಯ ಮೇಲಿದೆ. ಆ ತುದಿ ಒಂದೇ ಸಮನಾಗಿ ತಿಳಿಹಸುರಾಗಿದ್ದರೆ ದಂಟು ಎಳೆಯದು. ನಡುವೆ ಬೆಳ್ಳಗೆ ಸುಣ್ಣದಂಥ ಬೊಟ್ಟು ಕಂಡರೆ ಅದು ಬಲಿತು ನಾರುಕಟ್ಟಿದೆಯೆಂದು ಅರ್ಥ. ಮೊಗ್ಗುಗಳು ಬಿಗಿದುಕೊಂಡಿರಬೇಕು, ಬಿಳಿಯ ಹೂವುಗಳು ಬಹಳವಾಗಿ ಅರಳಿದ್ದರೆ ಆ ಕಟ್ಟು ಹಿಂದಕ್ಕೆ ಹೋಗುತ್ತದೆ. ತಾವರೆಯ ದಂಟನ್ನು ಕೊಳ್ಳುವಾಕೆ ಎರಡು ತುದಿಗಳ ಗಿಣ್ಣೂ ಮುಚ್ಚಿಕೊಂಡಿರುವುದನ್ನೇ ಆರಿಸುತ್ತಾಳೆ, ಏಕೆಂದರೆ ತೆರೆದ ತುದಿಯಿಂದ ಒಳಗಿನ ರಂಧ್ರಗಳಿಗೆ ಕೆಸರು ಸೇರಿದರೆ ತೊಳೆದು ತೆಗೆಯುವುದು ಪ್ರಯಾಸ. ಹೀಗೆ ಪರೀಕ್ಷೆಗೆ ನಿಲ್ಲದ ಸರಕು ಸಂಜೆಯವರೆಗೆ ಪೆಟ್ಟಿಗೆಯ ತಳದಲ್ಲಿ ಉಳಿದು ಅಂಗಡಿಯವನಿಗೆ ನಷ್ಟವನ್ನುಂಟುಮಾಡುವುದರಿಂದ, ಮಾರನೆಯ ದಿನ ಸಗಟು ಮಾರುಕಟ್ಟೆಯಲ್ಲಿ ಆತನೂ ದಂಟಿನ ತುದಿಯನ್ನು ನೋಡಿಯೇ ಕೊಳ್ಳಬೇಕಾಗುತ್ತದೆ. ಈ ಅಂಗಡಿಗಳ ಶ್ರೇಷ್ಠತೆಗೆ ಮೂಲಕಾರಣ ಯಾವುದೆಂದು ಯಾರಾದರೂ ಕೇಳಿದರೆ ನಾನು ಈ ಸ್ತ್ರೀಯರ ಕೈಗಳನ್ನು ತೋರಿಸುತ್ತೇನೆ. ಅಂಗಡಿಯ ಮಟ್ಟವನ್ನು ನಿಶ್ಚಯಿಸುತ್ತಿರುವವರು ಅವರು.

ಅಮೆರಿಕದ ಆ ಕರಾವಳಿಯಲ್ಲಿ ನೆಲೆಸಿರುವ ಕನ್ನಡಿಗರಿಗೆ ಈ ಅಂಗಡಿಗಳಿಂದ ದೊರೆತಿರುವ ಉಪಕಾರವನ್ನು ಹೇಳದೆ ಮುಂದಕ್ಕೆ ಹೋಗುವುದು ನ್ಯಾಯವಲ್ಲ. ಅಕ್ಕಿ ಬೇಳೆ ಹುಣಿಸೆಹಣ್ಣುಗಳಿಗೆ ಅವರು ಭಾರತೀಯ ಅಂಗಡಿಗೆ ಹೋಗುವರು. ಆದರೆ ಮಜ್ಜಿಗೆಹುಳಿಗೆ ಬೇಕಾದ ಬೂದುಗುಂಬಳವನ್ನು ದೊಡ್ಡ ಬಳೆಗಳಂತೆ ಕೊಯ್ದು ತೂಕದ ಲೆಕ್ಕದಲ್ಲಿ ಮಾರುವುದು ಚೀನೀಯರ ಅಂಗಡಿಯಲ್ಲಿ. ಮಂಗಳೂರು ಸೀಮೆಯವರ ಬಸಳೆ, ಬಯಲುಸೀಮೆಯವರ ದಂಟಿನ ಸೊಪ್ಪು, ಮೊಳದುದ್ದದ ಅಲಸಂದೆಕಾಯಿ, ಹೀರೆಕಾಯಿ, ಕೆಸುವಿನ ಗೆಡ್ಡೆ, ಇವೆಲ್ಲವೂ ಬೇರೆ ಬೇರೆ ಹೆಸರುಗಳಿಂದ ಅಲ್ಲಿ ಕುಳಿತಿವೆ. ಹಿಮಪೆಟ್ಟಿಗೆಯನ್ನು ತೆರೆದರೆ ಬಾಳೆಯೆಲೆ, ನುಗ್ಗೆಸೊಪ್ಪು, ತುರಿದ ತೆಂಗಿನಕಾಯಿ. ಡಬ್ಬಿಗಳ ಸಾಲಿನಲ್ಲಿ ಎಳೆಯ ಹಲಸು. ಚೌತಿಯ ದಿನ ಕ್ಯಾಲಿಫೋರ್ನಿಯದಲ್ಲಿ ಎಲೆ ಹಾಕಿ ಬಡಿಸುವ ಎಷ್ಟೋ ಮನೆಗಳಲ್ಲಿ ಆ ಎಲೆ ಥಾಯ್ಲೆಂಡಿನಿಂದಲೋ ಫಿಲಿಪ್ಪೀನ್ಸಿನಿಂದಲೋ ಬಂದು, ಚೀನೀ ಅಂಗಡಿಯ ಶೀತದಲ್ಲಿ ಕಾದಿದ್ದು, ಬಿಸಿನೀರಿನ ಸ್ಪರ್ಶದಿಂದ ಮೃದುವಾದದ್ದು. ನಮ್ಮ ಅಡುಗೆಯ ನೆಂಟಸ್ತಿಕೆ ಉತ್ತರದ ಗೋಧಿಯ ನಾಡುಗಳಿಗಿಂತ ಪೂರ್ವದ ಮಳೆನಾಡುಗಳೊಡನೆ ಎಷ್ಟು ಗಾಢವಾಗಿದೆಯೆಂಬುದು ಈ ಪೆಟ್ಟಿಗೆಗಳ ಮುಂದೆ ನಿಂತಾಗ ಪ್ರತ್ಯಕ್ಷವಾಗುತ್ತದೆ.

ಒಳಗಿನ ಸೀಸೆಗಳ ಸಾಲು ಬೇರೆ ಬಗೆಯ ವಿಚಾರಣೆಯನ್ನು ಬೇಡುತ್ತದೆ. ಸೊಪ್ಪನ್ನು ಕಣ್ಣಿನಿಂದ ತಿಳಿಯಬಹುದು, ಸೋಯಾ ರಸವನ್ನು ತಿಳಿಯುವುದಕ್ಕೆ ಚೀಟಿಯನ್ನು ಓದಬೇಕು. ಸೋಯಾ ಅವರೆ, ಗೋಧಿ, ಉಪ್ಪು, ನೀರು ಇಷ್ಟನ್ನೇ ತಿಂಗಳುಗಟ್ಟಲೆ ಹುದುಗು ಬರಿಸಿ ಬಸಿದ ರಸ ಒಂದು; ಅವರೆಯ ಸಾರವನ್ನು ಆಮ್ಲದಿಂದ ಕೆಲವೇ ದಿನಗಳಲ್ಲಿ ಒಡೆದು, ಸುಟ್ಟ ಸಕ್ಕರೆಯ ಬಣ್ಣ ಕಟ್ಟಿ ಮಾಡಿದ ರಸ ಇನ್ನೊಂದು. ಎರಡೂ ಒಂದೇ ಹಲಗೆಯ ಮೇಲೆ ಒಂದೇ ಆಕಾರದ ಸೀಸೆಗಳಲ್ಲಿ ನಿಂತಿರುವಾಗ, ಚೀಟಿಯ ಮೇಲೆ ಹೈಡ್ರೊಲೈಜ್ಡ್ ಎಂಬ ಮಾತಿದೆಯೇ ಎಂದು ಹುಡುಕುವವನು ಮಾತ್ರ ಮೋಸಹೋಗನು. ಹುದುಗಿನ ರಸದಲ್ಲಿಯೂ ತಿಳಿಯಾದದ್ದು ಉಪ್ಪಿಗಾಗಿ, ಗಾಢವಾದದ್ದು ಬಣ್ಣಕ್ಕಾಗಿ; ಒಂದರ ಸ್ಥಾನದಲ್ಲಿ ಇನ್ನೊಂದನ್ನು ಸುರಿದರೆ ಪದಾರ್ಥ ಕೆಡುತ್ತದೆ. ಮೀನಿನ ರಸದ ಸೀಸೆಗಳ ಮೇಲೆ ಕೆಲವು ತಯಾರಕರು 30, 40 ಎಂಬ ಸಂಖ್ಯೆಯ ಪಕ್ಕದಲ್ಲಿ ಎನ್ ಅಕ್ಷರವನ್ನು ಮುದ್ರಿಸುತ್ತಾರೆ. ಅದು ಒಂದು ಲೀಟರಿನಲ್ಲಿ ಎಷ್ಟು ಗ್ರಾಂ ನೈಟ್ರೋಜನ್ ಇದೆಯೆಂಬ ಅಳತೆ, ಅರ್ಥಾತ್ ಆ ರಸದಲ್ಲಿ ಮೀನಿನ ಸತ್ತ್ವವೆಷ್ಟು ಎಂಬುದರ ಪ್ರಾಮಾಣಿಕವಾದ ಘೋಷಣೆ. ಇಂಥ ಪ್ರಾಮಾಣಿಕತೆ ಆ ಸಾಲಿನಲ್ಲಿ ಅಪರೂಪವೆಂದು ಹೇಳಬೇಕಾಗಿದೆ.

ಇಲ್ಲಿಯೇ ಈ ಅಂಗಡಿಗಳ ಪ್ರಧಾನ ದೋಷವನ್ನೂ ಹೇಳಿಬಿಡುತ್ತೇನೆ. ಅಮೆರಿಕದ ಕಾನೂನು ಇಂಗ್ಲಿಷಿನಲ್ಲಿ ವಿವರ ಕೊಡಬೇಕೆಂದು ವಿಧಿಸಿರುವುದರಿಂದ, ಆಮದು ಮಾಡುವವರು ಮೂಲದ ಚೀಟಿಯ ಮೇಲೆ ಒಂದು ಬಿಳಿಯ ಚೀಟಿಯನ್ನು ಅಂಟಿಸುತ್ತಾರೆ. ಆ ಚೀಟಿ ಎಷ್ಟೋ ವೇಳೆ ಮೂಲದಲ್ಲಿದ್ದ ಅಡಕವಸ್ತುಗಳ ಪಟ್ಟಿಯನ್ನೋ ದಿನಾಂಕವನ್ನೋ ಮರೆಮಾಡುತ್ತದೆ, ಮತ್ತು ತಾನು ಮರೆಮಾಡಿದಷ್ಟನ್ನು ತಾನೇ ಹೇಳುವುದಿಲ್ಲ. ದಿನಾಂಕ ಕಂಡರೂ ಸಂದೇಹ ತೀರದು. ಚೀನದ ಸರಕುಗಳ ಮೇಲೆ ಸಾಮಾನ್ಯವಾಗಿ ಮುದ್ರಿತವಾಗಿರುವುದು ತಯಾರಾದ ದಿನ, ಅದೂ ವರ್ಷ ಮೊದಲು, ತಿಂಗಳು ಅನಂತರ, ದಿನ ಕಡೆಯಲ್ಲಿ. ಬಳಕೆಯ ಅವಧಿ ಇಷ್ಟು ತಿಂಗಳೆಂಬುದು ಬೇರೊಂದು ಮೂಲೆಯಲ್ಲಿ ಚೀನೀ ಲಿಪಿಯಲ್ಲಿರುತ್ತದೆ. ಆ ಲಿಪಿಯನ್ನು ಓದಲಾರದ ಗಿರಾಕಿ ತಯಾರಾದ ದಿನವನ್ನು ಅವಧಿ ಮುಗಿಯುವ ದಿನವೆಂದು ತಿಳಿದು ಒಳ್ಳೆಯ ಸರಕನ್ನು ಬಿಟ್ಟುಹೋಗುವುದುಂಟು, ಹಳಸಿದ್ದನ್ನು ಕೊಂಡುಹೋಗುವುದೂ ಉಂಟು. ನಾನು ಕೊಂಡ ಒಣಸಿಗಡಿಯ ಪೊಟ್ಟಣವೊಂದರ ಮೇಲೆ ಒಂದರ ಮೇಲೊಂದು ಎರಡು ಬಿಳಿಯ ಚೀಟಿಗಳಿದ್ದವು. ಯಾವುದನ್ನು ನಂಬಬೇಕೆಂದು ಕೇಳಿದಾಗ ಗಲ್ಲಾಪೆಟ್ಟಿಗೆಯ ಬಳಿಯಿದ್ದ ಹುಡುಗ ಪ್ರಾಮಾಣಿಕವಾಗಿಯೇ, “ಗೊತ್ತಿಲ್ಲ ಸಾರ್” ಎಂದನು. ಹಲಗೆಯ ಅಂಚಿಗೆ ಒಂದು ಬರೆಹವನ್ನು ತೂಗಹಾಕಿ, ಇದು ತಯಾರಾದ ದಿನ, ಇಷ್ಟು ಕಾಲ ಬಾಳುತ್ತದೆ, ಇದನ್ನು ಇಂಥದಕ್ಕೆ ಬಳಸಬೇಕು ಎಂದು ತಿಳಿಸುವುದಕ್ಕೆ ಹೆಚ್ಚಿನ ವೆಚ್ಚವೇನೂ ತಗಲದು. ಹಳೆಯ ಗಿರಾಕಿಗೆ ಅದು ಬೇಡ, ಆದರೆ ಆಕೆಯ ಮೊಮ್ಮಗಳಿಗೆ ಬೇಕು. ಆ ಮೊಮ್ಮಗಳಿಗೆ ಚೀನೀ ಅಕ್ಷರ ಬಾರದು. ತನ್ನ ಮುಂದಿನ ತಲೆಮಾರಿನ ಗಿರಾಕಿಯೊಡನೆ ಮಾತನಾಡದ ಅಂಗಡಿಯು ತನ್ನ ಆಯುಷ್ಯವನ್ನು ತಾನೇ ಕಡಿಮೆಮಾಡಿಕೊಳ್ಳುತ್ತಿದೆ.

ಶಾವೊಶಿಂಗ್ ಅಕ್ಕಿಮದ್ಯದ ಸ್ಥಿತಿಯೂ ಇಂಥದೇ. ಮದ್ಯ ಮಾರುವ ಪರವಾನೆಯಿಲ್ಲದ ಅಂಗಡಿಗಳಲ್ಲಿ ದೊರೆಯುವುದು ಉಪ್ಪು ಬೆರೆಸಿ ಕುಡಿಯಲಾರದಂತೆ ಮಾಡಿದ ಅಡುಗೆಯ ಮದ್ಯ. ಅದನ್ನು ಬಳಸುವವರು ಬೇರೆ ಉಪ್ಪನ್ನು ತಗ್ಗಿಸಬೇಕೆಂಬುದನ್ನು ಸೀಸೆ ಹೇಳದು.

ಅಕ್ಕಿಯ ಮೂಟೆಗಳ ವಿಷಯದಲ್ಲಿ ಒಂದು ಸಂಗತಿಯನ್ನು ಓದುಗರು ಅರಿತಿರುವುದು ಒಳ್ಳೆಯದು. ಜಪಾನೀ ಕೊರಿಯನ್ ಮನೆಗಳವರು ಹೊತ್ತೊಯ್ಯುವ ಕ್ಯಾಲ್‌ರೋಸ್ ಅಕ್ಕಿ ಏಷ್ಯಾದಿಂದ ಬಂದದ್ದಲ್ಲ. ಕ್ಯಾಲಿಫೋರ್ನಿಯದ ಸಂಶೋಧನ ಕೇಂದ್ರದಲ್ಲಿ ರೂಪಿಸಿ 1948ರಲ್ಲಿ ರೈತರಿಗೆ ಬಿಡುಗಡೆ ಮಾಡಿದ ತಳಿ. ಕೊಕುಹೊ ರೋಸ್ ಎಂಬ ಹೆಸರಿನ ಅಕ್ಕಿಯನ್ನು ಬೆಳೆದ ಕೊಡಾ ಮನೆತನದ ಕಥೆ ಇನ್ನೂ ಮನನೀಯವಾದದ್ದು. ಕೆಯ್ಸಬುರೊ ಕೊಡಾ ಎಂಬಾತ ಜಪಾನಿನಿಂದ ಬಂದು ಕ್ಯಾಲಿಫೋರ್ನಿಯದ ನಡುಬಯಲಿನಲ್ಲಿ ಬತ್ತದ ಬೇಸಾಯವನ್ನು ಕಟ್ಟಿದನು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಜಪಾನೀ ಮೂಲದವರನ್ನೆಲ್ಲ ಕೂಡಿಹಾಕಿದಾಗ ಆ ಕುಟುಂಬವೂ ಕೊಲೊರಾಡೊದ ಶಿಬಿರಕ್ಕೆ ಹೋಗಬೇಕಾಯಿತು. ಮರಳಿ ಬರುವಷ್ಟರಲ್ಲಿ ಉತ್ತಮವಾದ ಭೂಮಿಯೂ ಯಂತ್ರಗಳೂ ಕೈಬಿಟ್ಟುಹೋಗಿದ್ದವು. ಉಳಿದ ನೆಲದಲ್ಲಿ ಮತ್ತೆ ಬೇಸಾಯ ಹೂಡಿ, 1963ರಲ್ಲಿ ಕೊಕುಹೊ ರೋಸನ್ನು ಪೇಟೆಗೆ ತಂದರು. ಮೂಟೆಯ ಮೇಲೆ ಈ ಕಥೆಯಿಲ್ಲ. ಆದರೆ ಅಂಥ ಅಕ್ಕಿಗೆ ದಶಕಗಳ ಕಾಲ ಗಿರಾಕಿಯನ್ನು ಒದಗಿಸಿದ್ದು ನೆರೆಕೇರಿಯ ಇಂಥ ಅಂಗಡಿಗಳು.

ಸರಕಿನ ಹಿಂದೆ ಹೀಗೆ ಕಥೆಯಿರುವುದಕ್ಕೆ ಸಿಚುವಾನ್ ಮೆಣಸು ಇನ್ನೊಂದು ನಿದರ್ಶನ. ನಾಲಗೆಯನ್ನು ಜುಮ್ಮೆನ್ನಿಸುವ ಈ ಕೆಂಪುಸಿಪ್ಪೆಯ ಕಾಯಿ ನಮ್ಮ ಪಶ್ಚಿಮಘಟ್ಟದ ಜುಮ್ಮನಕಾಯಿಯ, ಕೊಂಕಣಿಗರು ಮೀನುಸಾರಿಗೆ ಹಾಕುವ ತೆಪ್ಪಲಿನ, ಸಗೋತ್ರ. ಕಿತ್ತಳೆಯ ಜಾತಿಯ ಮರಗಳಿಗೆ ರೋಗವನ್ನು ತಂದೀತೆಂಬ ಭಯದಿಂದ ಅಮೆರಿಕವು 1968ರಲ್ಲಿ ಇದರ ಆಮದನ್ನು ನಿಷೇಧಿಸಿ, 2005ರಲ್ಲಿ ಕಾಯಿಸಿ ಶುದ್ಧಿಮಾಡಬೇಕೆಂಬ ನಿಯಮದೊಡನೆ ಮತ್ತೆ ಒಳಗೆ ಬಿಟ್ಟಿತು. ಕೊಳ್ಳುವವರು ಗಮನಿಸಬೇಕಾದದ್ದು ಸಿಪ್ಪೆಯನ್ನು ಮಾತ್ರ: ಒಳಗಿನ ಕರಿಯ ಬೀಜ ನಿರುಪಯೋಗಿ, ಹಲ್ಲಿಗೆ ಮರಳಾಗುತ್ತದೆ. ಬೀಜವೇ ಹೆಚ್ಚಾಗಿರುವ ಪೊಟ್ಟಣ ಎಷ್ಟು ಅಗ್ಗವಾದರೂ ಕೊಳ್ಳತಕ್ಕದ್ದಲ್ಲ.

ಇನ್ನು ಪಾತ್ರೆಗಳು. ಈ ವಿಮರ್ಶೆಯನ್ನು ಬರೆಯಬೇಕೆಂಬ ಇಚ್ಛೆ ನನ್ನಲ್ಲಿ ಮೂಡಿದ್ದು ಪಾತ್ರೆಗಳ ಸಾಲಿನಲ್ಲಿಯೇ. ಬೇರೆಡೆಗಳಲ್ಲಿ ಆಹಾರ ಒಂದು ಅಂಗಡಿ, ಪಾತ್ರೆ ಇನ್ನೊಂದು ಅಂಗಡಿ, ಎರಡಕ್ಕೂ ನಡುವೆ ಅರ್ಧ ಊರು. ಇಲ್ಲಿಯಾದರೋ ದಿನಸಿ ಅಂಗಡಿಯ ಹಿಂಬದಿಯ ಹಲಗೆಗಳಲ್ಲಿ ಬಾಣಲೆ, ಬಿದಿರಿನ ಹಬೆಬುಟ್ಟಿ, ಕರಿಯುವ ಜಾಲರಿ, ಮಣ್ಣಿನ ಗಡಿಗೆಗಳಿವೆ, ಮತ್ತು ಇದೇ ಬೀದಿಯ ಕಾಮೆಯಿ ರೆಸ್ಟೋರಂಟ್ ಸಪ್ಲೈ ಎಂಬ ಅಂಗಡಿಯಲ್ಲಿ ಅವು ನೆಲದಿಂದ ಮೇಲಕ್ಕೆ ಪೇರಿಸಿ ನಿಂತಿವೆ. ಪದಾರ್ಥವನ್ನೂ ಅದನ್ನು ಬೇಯಿಸತಕ್ಕ ಸಾಧನವನ್ನೂ ಒಂದೇ ಸುತ್ತಿನಲ್ಲಿ ಕಾಣುವವನಿಗೆ, ಒಂದು ಇನ್ನೊಂದರ ಪ್ರಯೋಜನವನ್ನು ವಿವರಿಸಿಕೊಡುತ್ತದೆ. ಚಾಯ್‌ಸಮ್ ಸೊಪ್ಪಿನ ಎಲೆ ಏಕೆ ಅಷ್ಟು ತೆಳುವೆಂಬುದು ತೆಳುವಾದ ಉಕ್ಕಿನ ಬಾಣಲೆಯನ್ನು ಎತ್ತಿ ನೋಡಿದಾಗ ತಿಳಿಯುತ್ತದೆ: ಕ್ಷಣಾರ್ಧದಲ್ಲಿ ಕಾಯುವ ಪಾತ್ರೆಯಲ್ಲಿ ಕ್ಷಣಾರ್ಧದಲ್ಲಿ ಬಾಡುವ ಸೊಪ್ಪು. ಹಸಿಪಪ್ಪಾಯಿಯ ಪಕ್ಕದಲ್ಲಿ ಥಾಯ್ ಜನರ ಮಣ್ಣಿನ ಆಳವಾದ ಒರಳಿದ್ದರೆ, ನಿಂಬೆಯ ವಾಸನೆಯನ್ನು ನೆನಪಿಗೆ ತರುವ ಮಜ್ಜಿಗೆಹುಲ್ಲಿನ ಪಕ್ಕದಲ್ಲಿ ಭಾರವಾದ ಕಗ್ಗಲ್ಲಿನ ಒರಳಿರುತ್ತದೆ. ಮೊದಲನೆಯದು ಪಪ್ಪಾಯಿಯ ತುರಿಯನ್ನು ಮೆಲ್ಲಗೆ ಜಜ್ಜಿ ಹುಳಿಖಾರ ಹಿಡಿಸುವುದಕ್ಕೆ, ಎರಡನೆಯದು ನಾರನ್ನು ಅರೆದು ನುಣ್ಣಗೆ ಮಾಡುವುದಕ್ಕೆ. ಒಂದರ ಕೆಲಸಕ್ಕೆ ಇನ್ನೊಂದನ್ನು ಕೊಂಡವನ ಪ್ರಯತ್ನ ಕೈಗೂಡದು.

ಬಾಣಲೆಯ ಬಗೆಗೆ ವಿಸ್ತಾರವಾಗಿ ಹೇಳುವುದಕ್ಕೆ ಅಪ್ಪಣೆ ಬೇಡುತ್ತೇನೆ. ಮನೆಯ ಒಲೆಗೆ ಹದಿನಾಲ್ಕು ಅಂಗುಲದ ಸಾದಾ ಇಂಗಾಲದ ಉಕ್ಕಿನ ಬಾಣಲೆಯೇ ಯೋಗ್ಯವಾದದ್ದೆಂದು ಬಲ್ಲವರು ಹೇಳುತ್ತಾರೆ, ನನ್ನ ಅನುಭವವೂ ಅದೇ. ಗುಂಡುತಳದ ಬಾಣಲೆ ಗ್ಯಾಸ್ ಒಲೆಯ ಮೇಲೆ ಬಳೆಯ ಆಸರೆಯಿಂದ ನಿಲ್ಲುತ್ತದೆ. ವಿದ್ಯುತ್ತಿನ ಒಲೆಯಿದ್ದವರು ಚಪ್ಪಟೆ ತಳದ್ದನ್ನೇ ಕೊಳ್ಳಬೇಕು. ತುಕ್ಕು ಹಿಡಿಯದಂತೆ ಕಾರ್ಖಾನೆಯಲ್ಲಿ ಬಳಿದ ಎಣ್ಣೆಯ ಲೇಪವನ್ನು ಬಿಸಿನೀರು, ಸಾಬೂನು, ಗುಂಜುಗಳಿಂದ ಉಜ್ಜಿ ತೆಗೆದು, ಉಕ್ಕು ನೀಲಿಬಣ್ಣಕ್ಕೆ ತಿರುಗುವವರೆಗೆ ಕಾಯಿಸಿ, ಎಣ್ಣೆಯೊಡನೆ ಶುಂಠಿಯನ್ನೂ ಈರುಳ್ಳಿಯ ಜಾತಿಯ ಹಸಿಸೊಪ್ಪನ್ನೂ ಹಾಕಿ ಒಳಮೈಯೆಲ್ಲ ತಿಕ್ಕುವುದು ಚೀನೀಯರ ಕ್ರಮ. ನಮ್ಮ ಮನೆಗಳಲ್ಲಿ ಹೊಸ ದೋಸೆಕಾವಲಿಯನ್ನು ಈರುಳ್ಳಿಯ ಹೋಳಿನಿಂದ ಎಣ್ಣೆ ಸವರಿ ಪಳಗಿಸುವುದನ್ನು ಕಂಡವರಿಗೆ ಈ ವಿಧಿಯಲ್ಲಿ ಅಪರಿಚಿತವಾದದ್ದೇನೂ ಇಲ್ಲ. ಪಳಗಿದ ಬಾಣಲೆ ಕಪ್ಪಾಗುತ್ತ ಹೋದಂತೆ ಪದಾರ್ಥ ಅಂಟುವುದು ನಿಲ್ಲುತ್ತದೆ, ಮತ್ತು ಅದು ಮನೆಯ ಒಡತಿಯ ನಂತರವೂ ಬಾಳುತ್ತದೆ. ಇಂಥ ವಸ್ತುವಿನ ಪಕ್ಕದಲ್ಲಿಯೇ, ಬಣ್ಣಬಣ್ಣದ ರಟ್ಟಿನ ಪೆಟ್ಟಿಗೆಗಳಲ್ಲಿ, ಅಂಟದ ಲೇಪ ಬಳಿದ ಬಾಣಲೆಗಳನ್ನು ಈಚೆಗೆ ಹೆಚ್ಚುಹೆಚ್ಚಾಗಿ ಇಡುತ್ತಿರುವುದನ್ನು ನಾನು ಒಪ್ಪಲಾರೆ. ಬಾಣಲೆಯ ಅಡುಗೆಯ ಜೀವವೇ ಪ್ರಖರವಾದ ಉರಿ. ಆ ಲೇಪವಾದರೋ ಪ್ರಖರವಾದ ಉರಿಯನ್ನು ಸಹಿಸದು, ಅತಿಯಾಗಿ ಕಾದರೆ ಹೊಗೆಯಾಡಿ ಕೆಡುತ್ತದೆ. ಎರಡು ಮೂರು ವರ್ಷಗಳಲ್ಲಿ ಕಸಕ್ಕೆ ಬೀಳುವ ಈ ಪಾತ್ರೆಯನ್ನು, ತನ್ನ ಗಿರಾಕಿಗಳ ಅಜ್ಜಿಯರು ಉಕ್ಕಿನದನ್ನು ಬಳಸಿದ್ದರೆಂದು ಬಲ್ಲ ಅಂಗಡಿಯು ಮುಂದಿನ ಹಲಗೆಯಲ್ಲಿಟ್ಟು ಮಾರುವುದು ಉಚಿತವಲ್ಲ.

ಹಬೆಬುಟ್ಟಿಯನ್ನು ಕೊಳ್ಳುವವರು ಅದರ ಅಗಲ ಬಾಣಲೆಯ ಅಗಲಕ್ಕಿಂತ ಕನಿಷ್ಠ ಎರಡು ಅಂಗುಲ ಕಿರಿದಾಗಿರುವುದನ್ನು ನೋಡಿಕೊಳ್ಳಬೇಕು. ಇಲ್ಲವಾದರೆ ಬುಟ್ಟಿ ಅಂಚಿನ ಮೇಲೆ ಕುಳಿತು ಹಬೆ ಹೊರಗೆ ಹೋಗುತ್ತದೆ. ಚೀನೀ ಕತ್ತಿಗಳಲ್ಲಿ ಆಕಾರವೊಂದೇ ಆದರೂ ತೆಳುವಾದದ್ದು ತರಕಾರಿಗೆ, ದಪ್ಪವಾದದ್ದು ಮೂಳೆಗೆ. ತೆಳುಗತ್ತಿಯಿಂದ ಮೂಳೆ ಕಡಿದರೆ ಅಲಗು ಮುಕ್ಕಾಗುವುದೆಂಬ ಎಚ್ಚರವನ್ನು ಅಂಗಡಿಯವರು ಕೇಳಿದವರಿಗೆ ಮಾತ್ರ ಹೇಳುತ್ತಾರೆ, ಆದಕಾರಣ ಕೇಳಬೇಕು.

ದೊಡ್ಡ ಸೂಪರ್ ಮಾರ್ಕೆಟ್ಟುಗಳು ತಮ್ಮಲ್ಲಿಯೂ ಏಷ್ಯಾದ ಸರಕಿಗೆಂದು ಒಂದು ಮೂಲೆಯನ್ನು ಇಟ್ಟಿವೆ. ಅಲ್ಲಿ ಸೀಸೆ ಚಿಕ್ಕದು, ಬೆಲೆ ಹೆಚ್ಚು, ಆಯ್ಕೆ ಒಂದೆರಡು, ಇದೆಲ್ಲವನ್ನೂ ಕ್ಷಮಿಸಬಹುದು. ಕ್ಷಮಿಸಲಾಗದ್ದು, ಆ ಮೂಲೆಗೆ ದಂಟಿನ ತುದಿ ನೋಡುವ ಗಿರಾಕಿ ಬರುವುದಿಲ್ಲವಾದ್ದರಿಂದ ಅಲ್ಲಿನ ಒಣ ಅಣಬೆ ಎಷ್ಟು ಕಾಲದಿಂದ ಕುಳಿತಿದೆಯೆಂದು ಕೇಳುವವರೇ ಇಲ್ಲವೆಂಬುದು. ಮನೆಬಾಗಿಲಿಗೆ ತಂದುಕೊಡುವ ಕಂಪನಿಗಳು ಈಚೆಗೆ ಬೆಳೆದಿವೆ; ಅಶಕ್ತರಿಗೂ ದೂರದವರಿಗೂ ಅವು ದೊಡ್ಡ ಅನುಕೂಲ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅಲ್ಲಿ ಆರಿಸುವ ಕೈ ಗಿರಾಕಿಯದಲ್ಲ, ಮತ್ತು ಕಟ್ಟನ್ನು ಹಿಂದಕ್ಕೆ ಹಾಕುವ ಅಧಿಕಾರವನ್ನು ಬಿಟ್ಟುಕೊಟ್ಟ ಸಮುದಾಯದಲ್ಲಿ ಆ ಜ್ಞಾನ ಎಷ್ಟು ಕಾಲ ಉಳಿದೀತೆಂಬುದು ಚಿಂತಿಸತಕ್ಕ ವಿಷಯ.

2020ರ ಸಾಂಕ್ರಾಮಿಕದ ಕಾಲದಲ್ಲಿ, ರೋಗದ ಹೊಣೆಯನ್ನು ಅನ್ಯಾಯವಾಗಿ ಒಂದು ಜನಾಂಗದ ಮೇಲೆ ಹೊರಿಸಿದ ದಿನಗಳಲ್ಲಿ, ಅಮೆರಿಕದ ಚೀನೀ ಪೇಟೆಗಳು ಬರಿದಾದವು. ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ಹುಟ್ಟಿ ಬೆಳೆದು ಬಾಣಲೆಯ ಅಡುಗೆಯ ಮೇಲೆ ಪ್ರಮಾಣಗ್ರಂಥಗಳನ್ನು ಬರೆದಿರುವ ಗ್ರೇಸ್ ಯಂಗ್ ಆಗ ಲೇಖನಿಯನ್ನು ಬದಿಗಿಟ್ಟು, ನ್ಯೂಯಾರ್ಕಿನ ಅಂಗಡಿಕಾರರ ಅನುಭವಗಳನ್ನು ದಾಖಲೆಮಾಡಿ, ಜನರನ್ನು ಆ ಪೇಟೆಗಳಿಗೆ ಮರಳಿ ಕರೆಯುವ ಕೆಲಸಕ್ಕೆ ನಿಂತರು. 2022ರಲ್ಲಿ ಜೇಮ್ಸ್ ಬಿಯರ್ಡ್ ಸಂಸ್ಥೆ ಅವರಿಗೆ ಮಾನವಸೇವೆಯ ಪ್ರಶಸ್ತಿಯಿತ್ತು ಗೌರವಿಸಿತು. ಅಂಗಡಿಯನ್ನು ಸಂಸ್ಕೃತಿಯ ಅಂಗವೆಂದು ಕಂಡ ಆ ದೃಷ್ಟಿ ಸರಿಯಾದದ್ದು.

ದೋಷಗಳನ್ನೆಲ್ಲ ಎಣಿಸಿದಮೇಲೂ ನನ್ನ ತೀರ್ಮಾನ ಬದಲಾಗಿಲ್ಲ: ತಾಜಾತನದಲ್ಲಿ, ವೈವಿಧ್ಯದಲ್ಲಿ, ಪಾತ್ರೆ ಪದಾರ್ಥಗಳ ಸಾಮೀಪ್ಯದಲ್ಲಿ ಈ ಬೀದಿಗೆ ಸಮನಾದ ಪೇಟೆಯನ್ನು ಆ ನಗರದ ದೊಡ್ಡ ಮಳಿಗೆಗಳಲ್ಲಿ ನಾನು ಕಂಡಿಲ್ಲ, ಬರೆಹದ ವಿಷಯದಲ್ಲಿ ಮಾತ್ರ ಅದು ಅವುಗಳಿಂದ ಕಲಿಯಬೇಕಾದದ್ದಿದೆ. ಆ ಸುತ್ತಿನಲ್ಲಿರುವ ಕನ್ನಡಿಗರು ಬೂದುಗುಂಬಳಕ್ಕೆಂದು ಹೋದಾಗ ಅಷ್ಟಕ್ಕೇ ಹಿಂದಿರುಗದೆ ಒಳಗಿನ ಸಾಲುಗಳನ್ನೂ ನೋಡಿ ಬರಲೆಂದು ನನ್ನ ಬಿನ್ನಹ. ಬೆಳಗ್ಗೆ ಹೋಗಿ, ತರಕಾರಿ ಇಳಿಯುವ ಹೊತ್ತದು. ಬಾಣಲೆ ಕೊಳ್ಳುವ ಉದ್ದೇಶವಿದ್ದರೆ ಮನೆಯ ಒಲೆಯ ಅಗಲವನ್ನು ಮೊದಲೇ ಅಳೆದುಕೊಂಡು ಹೋಗಿ. ವಾಹನ ನಿಲ್ಲಿಸಲು ಅಲ್ಲಿ ಸ್ಥಳ ದೊರೆಯುವುದು ದುರ್ಲಭ. ಗಿಯರಿ ರಸ್ತೆಯ 38ನೆಯ ನಂಬರಿನ ಬಸ್ಸು ಒಂದು ಬೀದಿಯಾಚೆಗೆ ನಿಲ್ಲುತ್ತದೆ.